ಮೋರಿಯೆನ್ ಕಣಿವೆಯ ಮಡಚುವ ಚಾಕು

ಫ್ರಾನ್ಸ್ ದೇಶದ ಆಗ್ನೇಯ ಅಂಚಿನಲ್ಲಿ, ಇಟಲಿಯ ಗಡಿಗೆ ತಾಗಿಕೊಂಡು ಸಾವೊಯ್ ಎಂಬ ಪ್ರಾಂತವಿದೆ. ಎತ್ತ ನೋಡಿದರೂ ಆಲ್ಪ್ಸ್ ಪರ್ವತಗಳ ಸಾಲು. ಬಹುಕಾಲ ಸಾವೊಯ್ ರಾಜಮನೆತನದ ಆಳ್ವಿಕೆಯಲ್ಲಿದ್ದ ಈ ಸೀಮೆ ಫ್ರಾನ್ಸಿಗೆ ಶಾಶ್ವತವಾಗಿ ಸೇರಿದ್ದು 1860ರಲ್ಲಿ. ಇಲ್ಲಿನ ಹಳೆಯ ರಾಜಧಾನಿ ಶಾಂಬೇರಿಯಿಂದ ಪೂರ್ವಕ್ಕೆ ಹೊರಟ ರೈಲು ಸ್ವಲ್ಪ ಹೊತ್ತಿನಲ್ಲೇ ಆರ್ಕ್ ನದಿಯ ಜಾಡು ಹಿಡಿಯುತ್ತದೆ. ನದಿ, ಹೆದ್ದಾರಿ, ರೈಲುಹಳಿ ಮೂರೂ ಒಂದರ ಪಕ್ಕ ಒಂದು ಒತ್ತಿಕೊಂಡು ಸಾಗುವ ಈ ಇಕ್ಕಟ್ಟಾದ ಕಂದರವೇ ಮೋರಿಯೆನ್ ಕಣಿವೆ.

ಕಣಿವೆಯ ನಡುಭಾಗದಲ್ಲಿರುವ ಮುಖ್ಯ ಪಟ್ಟಣದ ಹೆಸರು ಸೇಂ ಜಾಂ ದ ಮೋರಿಯೆನ್. ಏಳೆಂಟು ಸಾವಿರ ಜನರ ಊರು. ಸಂತ ಯೋಹಾನನ ಬೆರಳುಗಳ ಅವಶೇಷ ಇಲ್ಲಿಗೆ ಬಂದಿತೆಂಬ ನಂಬಿಕೆಯಿಂದ ಊರಿಗೆ ಅವನ ಹೆಸರೇ ನಿಂತಿದೆ. ಇಲ್ಲಿನ ಕೆಥೆಡ್ರಲ್‌ನಲ್ಲಿ ಹದಿನೈದನೆಯ ಶತಮಾನದ ಕೊನೆಯಲ್ಲಿ ಕೆತ್ತಿದ ಮರದ ಆಸನಗಳ ಸಾಲು ಇದೆ. 1907ರಿಂದ ಊರಿನ ಅಂಚಿನಲ್ಲಿ ಅಲ್ಯೂಮಿನಿಯಂ ಕಾರ್ಖಾನೆ ಉರಿಯುತ್ತಿದೆ. ಬೇಸಿಗೆಯಲ್ಲಿ ಟೂರ್ ದ ಫ್ರಾನ್ಸ್ ಸೈಕಲ್ ಸ್ಪರ್ಧೆಯ ಸವಾರರು ಈ ಊರನ್ನು ದಾಟಿ 2,067 ಮೀಟರ್ ಎತ್ತರದ ಕ್ರ್ವಾ ದ ಫೇರ್ ಕಣಿವೆದಾರಿಯನ್ನು ಏರುವುದುಂಟು. ಇಲ್ಲಿಂದ ಇಟಲಿಯ ಕಡೆಗೆ 57.5 ಕಿಲೋಮೀಟರ್ ಉದ್ದದ ಹೊಸ ರೈಲು ಸುರಂಗದ ಕೆಲಸವೂ ನಡೆದಿದೆ. 2023ರ ಆಗಸ್ಟ್‌ನಲ್ಲಿ ಕಣಿವೆಯ ಮೇಲ್ಭಾಗದಲ್ಲಿ ಬಂಡೆಗಳು ಕುಸಿದು ಪ್ಯಾರಿಸ್–ಮಿಲಾನ್ ರೈಲುಗಳು ನಿಂತುಹೋದವು. ಅವು ಮತ್ತೆ ಓಡಿದ್ದು 2025ರ ಮಾರ್ಚ್ ಕೊನೆಗೆ. ಪರ್ವತದ ಜೊತೆ ಬಾಳುವುದೆಂದರೆ ಹೀಗೆಯೇ.

ಆದರೆ ಈ ಊರಿನ ಹೆಸರನ್ನು ಜಗತ್ತಿಗೆ ಹೊತ್ತೊಯ್ದದ್ದು ಸುರಂಗವೂ ಅಲ್ಲ, ಸೈಕಲ್ಲೂ ಅಲ್ಲ. ಅಂಗಿಯ ಜೇಬಿನಲ್ಲಿ ಅಡಗುವಷ್ಟು ಚಿಕ್ಕದಾದ, ಮರದ ಹಿಡಿಯ, ಮಡಚುವ ಚಾಕು. ಅದರ ಹೆಸರು ಒಪಿನೆಲ್. 1989ರಲ್ಲಿ ಊರಿನಲ್ಲಿ ಇದಕ್ಕಾಗಿಯೇ ಒಂದು ವಸ್ತುಸಂಗ್ರಹಾಲಯ ತೆರೆಯಿತು. ಅದೇ ವರ್ಷ ಫ್ರೆಂಚ್ ಭಾಷೆಯ ಪ್ರಸಿದ್ಧ ಲಾರೂಸ್ ನಿಘಂಟಿನಲ್ಲಿ ‘ಒಪಿನೆಲ್’ ಎಂಬುದು ಒಂದು ಪದವಾಗಿಯೇ ಸೇರಿಕೊಂಡಿತು.

ಹದಿನೆಂಟರ ಹುಡುಗನ ಹವ್ಯಾಸ

ಪಟ್ಟಣದ ಬೆನ್ನಿಗಿರುವ ಬೆಟ್ಟವನ್ನು ಏರಿದರೆ ಅಲ್ಬಿಯೇ ಎಂಬ ಹಳ್ಳಿ ಸಿಗುತ್ತದೆ. ಎದುರಿಗೆ ಆರ್ವ್ ಶಿಖರಗಳ ಮೂರು ಚೂಪು ಕೋಡುಗಳು. ಈ ಹಳ್ಳಿಗೆ ಸೇರಿದ ಜೆವೂಡಾ ಎಂಬ ಕೇರಿಯಲ್ಲಿ ಒಪಿನೆಲ್ ಮನೆತನದವರ ಕುಲುಮೆ ಇತ್ತು. ಕೊಡಲಿ, ಮಚ್ಚು, ಗಿಡ ಸವರುವ ಕತ್ತಿ ಮುಂತಾದ ಹರಿತದ ಸಲಕರಣೆಗಳನ್ನು ಬಡಿದು ಸುತ್ತಲಿನ ರೈತರಿಗೆ ಮಾರುವುದು ಅವರ ಕಸುಬು. ಆ ಭಾಗದಲ್ಲಿ ಅವರ ಕೈಕೆಲಸಕ್ಕೆ ಒಳ್ಳೆಯ ಹೆಸರಿತ್ತು.

1872ರಲ್ಲಿ ಹುಟ್ಟಿದ ಜೋಸೆಫ್ ಒಪಿನೆಲ್‌ಗೆ ಕುಲುಮೆಯ ಜೊತೆಗೆ ಯಂತ್ರಗಳ ಹುಚ್ಚೂ ಇತ್ತು. ತಾನೇ ಒಂದು ಕ್ಯಾಮೆರಾ ತಯಾರಿಸಿಕೊಂಡು ಸುತ್ತಲಿನ ಮದುವೆಗಳಿಗೆ ಹೋಗಿ ಫೋಟೊ ತೆಗೆಯುತ್ತಿದ್ದನಂತೆ. 1890ರಲ್ಲಿ, ಹದಿನೆಂಟನೆಯ ವಯಸ್ಸಿಗೆ, ಬಿಡುವಿನ ವೇಳೆಯಲ್ಲಿ ಗೆಳೆಯರಿಗೆಂದು ಒಂದು ಸಣ್ಣ ಮಡಚುವ ಚಾಕುವನ್ನು ಮಾಡಿದ. ರೊಟ್ಟಿ ಕೊಯ್ಯಲು, ಗಿಣ್ಣು ಹೆಚ್ಚಲು, ಹಗ್ಗ ಕತ್ತರಿಸಲು, ಕಡ್ಡಿ ಚೂಪು ಮಾಡಲು ಬೆಟ್ಟದ ರೈತನಿಗೆ ದಿನವೂ ಬೇಕಾಗುವ ವಸ್ತು ಅದು. ದೊಡ್ಡ ಸಲಕರಣೆಗಳ ಕಸುಬಿನ ತಂದೆಗೆ ಮಗನ ಈ ಚಿಲ್ಲರೆ ಕೆಲಸ ಅಷ್ಟಾಗಿ ಹಿಡಿಸಲಿಲ್ಲ. ಚಾಕು ಮಾತ್ರ ಬೇಗನೆ ಖರ್ಚಾಗತೊಡಗಿತು.

ಎಲ್ಲರ ಕೈಯೂ ಒಂದೇ ಅಳತೆಯದಲ್ಲ, ಎಲ್ಲರ ಕೆಲಸವೂ ಒಂದೇ ಅಲ್ಲ. 1897ರಲ್ಲಿ ಜೋಸೆಫ್ ಒಂದೇ ಆಕಾರದ ಚಾಕುವನ್ನು 1ರಿಂದ 12ರವರೆಗೆ ಸಂಖ್ಯೆ ಕೊಟ್ಟು ಹನ್ನೆರಡು ಅಳತೆಗಳಲ್ಲಿ ತಯಾರಿಸಿದ. ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಜೆವೂಡಾ ಸೇತುವೆಯ ಬಳಿ ನೀರಿನ ಬಲದಿಂದ ನಡೆಯುವ ಸಣ್ಣ ಕಾರ್ಖಾನೆ ಕಟ್ಟಿದ. ಹೆಚ್ಚು ಸಮಯ ತಿನ್ನುತ್ತಿದ್ದದ್ದು ಮರದ ಹಿಡಿಯ ಕೆಲಸ. ಅದಕ್ಕೆ ತಾನೇ ಒಂದು ಯಂತ್ರವನ್ನು ರೂಪಿಸಿದ. ಊರೂರು ತಿರುಗುವ ವ್ಯಾಪಾರಿಗಳು ಮತ್ತು ರೈಲ್ವೆ ನೌಕರರು ಚಾಕುವನ್ನು ಕಣಿವೆಯಿಂದ ಹೊರಗೆ ಒಯ್ದರು. 1911ರಲ್ಲಿ ಟ್ಯೂರಿನ್ ನಗರದ ಅಂತರರಾಷ್ಟ್ರೀಯ ಪ್ರದರ್ಶನದಲ್ಲಿ ಅದಕ್ಕೆ ಚಿನ್ನದ ಪದಕ ಬಂತು.

ಬೇಡಿಕೆ ಹೆಚ್ಚಿದಂತೆ ಬೆಟ್ಟದ ಹಳ್ಳಿ ಸಾಲದಾಯಿತು. ಮೊದಲ ಮಹಾಯುದ್ಧದ ಕಾಲಕ್ಕೆ ಒಪಿನೆಲ್ ಶಾಂಬೇರಿ ಪಕ್ಕದ ಕೊನ್ಯಾಂ ಎಂಬಲ್ಲಿ ಜಾಗ ಕೊಂಡು ಕಾರ್ಖಾನೆಯನ್ನು ಅಲ್ಲಿಗೆ ಸಾಗಿಸಿದ. 1926ರಲ್ಲಿ ಬೆಂಕಿ ಬಿದ್ದು ಆ ಕಾರ್ಖಾನೆ ಸುಟ್ಟುಹೋಯಿತು. ಅದನ್ನು ಮತ್ತೆ ಕಟ್ಟಲಾಯಿತು. ಜೋಸೆಫ್ 1960ರಲ್ಲಿ ತೀರಿಕೊಂಡ. 1973ರಲ್ಲಿ ಶಾಂಬೇರಿಯಲ್ಲಿ ಹೊಸ ಕಾರ್ಖಾನೆ ಬಂತು. ಸಂಸ್ಥೆ ಇಂದಿಗೂ ಅದೇ ಮನೆತನದ ಒಡೆತನದಲ್ಲಿದೆ, ಅದೇ ಸೀಮೆಯಲ್ಲಿದೆ.

ಅಲಗಿನ ಮೇಲಿನ ಕೈ

ಒಪಿನೆಲ್ ಚಾಕುವಿನ ಅಲಗನ್ನು ಹತ್ತಿರದಿಂದ ನೋಡಿದರೆ ಮೂರು ಬೆರಳು ಎತ್ತಿದ ಒಂದು ಕೈ, ಅದರ ಮೇಲೆ ಒಂದು ಕಿರೀಟ ಕಾಣುತ್ತದೆ. 1565ರಲ್ಲಿ ಫ್ರಾನ್ಸಿನ ದೊರೆ ಒಂಬತ್ತನೆಯ ಚಾರ್ಲ್ಸ್ ಪ್ರತಿಯೊಬ್ಬ ಚಾಕು ತಯಾರಕನೂ ತನ್ನ ಸರಕಿನ ಮೇಲೆ ಗುರುತು ಒತ್ತಬೇಕೆಂದು ಆಜ್ಞೆ ಮಾಡಿದ್ದ. ಆ ವಾಡಿಕೆಯಂತೆ 1909ರಲ್ಲಿ ಜೋಸೆಫ್ ಆರಿಸಿಕೊಂಡ ಗುರುತು ಇದು. ಕೈ ಸೇಂ ಜಾಂ ಪಟ್ಟಣದ ಲಾಂಛನದಲ್ಲಿರುವ ಸಂತ ಯೋಹಾನನ ಆಶೀರ್ವಾದದ ಹಸ್ತ. ಕಿರೀಟ ಸಾವೊಯ್ ರಾಜಮನೆತನದ್ದು. ಬೆಟ್ಟದ ಕಮ್ಮಾರನೊಬ್ಬ ತನ್ನ ಊರು ಮತ್ತು ಸೀಮೆ ಎರಡನ್ನೂ ಒಂದು ಉಗುರಿನಗಲದ ಜಾಗದಲ್ಲಿ ಒತ್ತಿಬಿಟ್ಟ.

ಇಂಥ ಗುರುತು ಕೊಳ್ಳುವವನಿಗೂ ಉಪಯುಕ್ತ. ಫ್ರಾನ್ಸಿನ ಮತ್ತೊಂದು ಹೆಸರಾಂತ ಮಡಚುವ ಚಾಕುವಿಗೆ ಲಾಯೋಲ್ ಎಂಬ ಹಳ್ಳಿಯ ಹೆಸರಿದೆ. ಆದರೆ ಆ ಹೆಸರು ಯಾವುದೋ ಒಬ್ಬ ತಯಾರಕನ ಸ್ವತ್ತಲ್ಲ. ಹೀಗಾಗಿ ಬೇರೆ ದೇಶಗಳಲ್ಲಿ ತಯಾರಾದ ಅಗ್ಗದ ಚಾಕುಗಳ ಮೇಲೂ ಅದೇ ಹೆಸರು ರಾರಾಜಿಸುತ್ತದೆ. ಹೆಸರು ಓದಿ ಕೊಂಡವರು ಮೋಸಹೋಗುವುದುಂಟು. ಯಾರು ಮಾಡಿದ್ದು, ಎಲ್ಲಿ ಮಾಡಿದ್ದು ಎಂಬುದನ್ನು ಕೇಳುವುದು ಚಾಕು ಆರಿಸುವವರ ಮೊದಲ ಪಾಠ.

ಐದೇ ಬಿಡಿಭಾಗಗಳು

ಒಪಿನೆಲ್ ಅಗ್ಗವಾಗಿರುವುದಕ್ಕೆ ಕಾರಣ ಅದರ ಸರಳತೆ. ಫ್ರಾನ್ಸಿನಲ್ಲಿ ಮಧ್ಯಮ ಅಳತೆಯ ಒಂದು ಚಾಕುವಿಗೆ ಸುಮಾರು 10ರಿಂದ 15 ಯೂರೋ. ಅಂದರೆ ಅಲ್ಲಿನ ಸಾಧಾರಣ ಹೋಟೆಲಿನಲ್ಲಿ ಒಬ್ಬರ ಒಂದು ಊಟಕ್ಕೆ ತಗಲುವಷ್ಟು ಹಣ. ನಮ್ಮ ದೇಶಕ್ಕೆ ಬರುವಾಗ ಸಾಗಣೆ, ಸುಂಕ ಸೇರಿ ಬೆಲೆ ಏರುವುದು ಸಹಜ.

ಈ ಚಾಕುವಿನಲ್ಲಿ ಇರುವುದು ಐದೇ ಭಾಗ: ಉಕ್ಕಿನ ಅಲಗು, ಬೀಚ್ ಮರದ ಹಿಡಿ, ಇವೆರಡನ್ನೂ ಜೋಡಿಸುವ ಒಂದು ರಿವೆಟ್, ಹಿಡಿಯ ಬಾಯಿಗೆ ಬಿಗಿದ ಲೋಹದ ಪಟ್ಟಿ, ಅದರ ಮೇಲೆ ತಿರುಗುವ ಒಂದು ಬಳೆ. ಸ್ಪ್ರಿಂಗ್ ಇಲ್ಲ, ಸ್ಕ್ರೂ ಇಲ್ಲ, ಗುಂಡಿ ಇಲ್ಲ. ಕೆಡುವುದಕ್ಕೆ ಹೆಚ್ಚೇನೂ ಇಲ್ಲದ್ದರಿಂದ ಬಾಳಿಕೆ ಹೆಚ್ಚು.

ಈ ಐದರಲ್ಲಿ ಕೊನೆಯದಾದ ಬಳೆ ಹುಟ್ಟಿದ್ದು ತಡವಾಗಿ. ಮೊದಲ ಅರವತ್ತೈದು ವರ್ಷ ಅದು ಇರಲೇ ಇಲ್ಲ. ಬಿಚ್ಚಿದ ಅಲಗು ತನ್ನಷ್ಟಕ್ಕೆ ತಾನು ನಿಲ್ಲುತ್ತಿದ್ದುದು ಮರ ಮತ್ತು ಉಕ್ಕಿನ ನಡುವಿನ ಘರ್ಷಣೆಯಿಂದ. ಕೆಲಸ ಮಾಡುವಾಗ ಅಲಗಿನ ಬೆನ್ನಿನ ಮೇಲೆ ಒತ್ತಡ ಬಿದ್ದರೆ ಅದು ಫಟ್ಟನೆ ಮಡಚಿಕೊಂಡು ಬೆರಳನ್ನು ಕೊಯ್ಯುವ ಅಪಾಯವಿತ್ತು. 1955ರಲ್ಲಿ ಜೋಸೆಫನ ಮಗ ಮಾರ್ಸೆಲ್ ಒಪಿನೆಲ್ ಈ ತಿರುಗುವ ಬಳೆಯನ್ನು ರೂಪಿಸಿದ. ಅಲಗು ಬಿಚ್ಚಿ ಬಳೆಯನ್ನು ಸ್ವಲ್ಪ ತಿರುಗಿಸಿದರೆ ಅಲಗು ಹಿಂದಕ್ಕೆ ಬರುವ ಸೀಳು ಮುಚ್ಚಿಹೋಗುತ್ತದೆ. ಎಷ್ಟು ಒತ್ತಿದರೂ ಅಲಗಿಗೆ ಮಡಚಿಕೊಳ್ಳಲು ದಾರಿಯೇ ಇರುವುದಿಲ್ಲ. 2000ದಲ್ಲಿ ಇದನ್ನು ಇನ್ನಷ್ಟು ಸುಧಾರಿಸಿ, ಮಡಚಿದ ಸ್ಥಿತಿಯಲ್ಲೂ ಬೀಗ ಬೀಳುವಂತೆ ಮಾಡಲಾಯಿತು. ಚೀಲದಲ್ಲೋ ಜೇಬಿನಲ್ಲೋ ಅದು ತಾನಾಗಿ ತೆರೆದುಕೊಳ್ಳುವ ಭಯವೂ ತಪ್ಪಿತು.

ಮರದ ಹಿಡಿಗೂ ತನ್ನದೇ ಸ್ವಭಾವವಿದೆ. ಮರ ನೀರು ಕುಡಿದಾಗ ಉದ್ದಕ್ಕೆ ಬೆಳೆಯುವುದು ತೀರ ಕಡಿಮೆ, ಅಗಲಕ್ಕೆ ಉಬ್ಬುವುದು ಹೆಚ್ಚು. ನಮ್ಮಲ್ಲಿ ಮಳೆಗಾಲದಲ್ಲಿ ಬಾಗಿಲು ಚೌಕಟ್ಟಿಗೆ ಕಚ್ಚಿಕೊಳ್ಳುವುದು ಇದೇ ಕಾರಣಕ್ಕೆ. ಒಪಿನೆಲ್ ಚಾಕುವನ್ನು ನೀರಿನಲ್ಲಿ ನೆನೆಸಿದರೆ ಹಿಡಿಯ ಸೀಳು ಕಿರಿದಾಗಿ ಅಲಗು ಸಿಕ್ಕಿಕೊಳ್ಳುತ್ತದೆ. ಆಗ ಸಾವೊಯ್ ಜನ ಬಳೆಯ ಬೀಗ ತೆಗೆದು, ಹಿಡಿಯ ಹಿಂತುದಿಯನ್ನು ಮೇಜಿನ ಮೇಲೋ ಕಲ್ಲಿನ ಮೇಲೋ ಒಮ್ಮೆ ಮೆಲ್ಲಗೆ ಕುಟ್ಟುತ್ತಾರೆ. ಹಿಡಿ ಗಕ್ಕನೆ ನಿಂತರೂ ಅಲಗು ಚಲಿಸುತ್ತಲೇ ಇರಲು ಯತ್ನಿಸುವುದರಿಂದ ಅದರ ಮೊನೆ ತುಸು ಹೊರಬರುತ್ತದೆ. ಫ್ರೆಂಚರು ಇದನ್ನು ‘ಸಾವೊಯ್ ಏಟು’ ಎನ್ನುತ್ತಾರೆ. ನ್ಯೂಟನ್ನನ ಮೊದಲನೆಯ ನಿಯಮವನ್ನು ಓದದ ರೈತರೂ ಅದನ್ನು ಬಳಸಿಕೊಂಡ ಬಗೆ ಇದು.

ಕಾರ್ಬನ್ನೋ, ಇನಾಕ್ಸೋ?

ಅಂಗಡಿಯಲ್ಲಿ ಒಂದೇ ಅಳತೆಯ ಎರಡು ಚಾಕುಗಳು ಅಕ್ಕಪಕ್ಕ ಇರುತ್ತವೆ. ಒಂದರ ಅಲಗಿನ ಮೇಲೆ ‘ಕಾರ್ಬನ್’ ಎಂದೂ ಇನ್ನೊಂದರ ಮೇಲೆ ‘ಇನಾಕ್ಸ್’ ಎಂದೂ ಒತ್ತಿರುತ್ತಾರೆ. ಮೊದಲನೆಯದು ಇಂಗಾಲ ಹೆಚ್ಚಿರುವ ಉಕ್ಕು, ಎರಡನೆಯದು ತುಕ್ಕು ಹಿಡಿಯದ ಉಕ್ಕು.

ಶುದ್ಧ ಕಬ್ಬಿಣ ಮೆದು. ಅದಕ್ಕೆ ಸ್ವಲ್ಪ ಇಂಗಾಲ ಸೇರಿದರೆ, ಕೆಂಪಗೆ ಕಾಯಿಸಿ ಒಮ್ಮೆಲೇ ತಣಿಸಿದಾಗ ಗಡುಸಾಗುತ್ತದೆ. ಆದರೆ ಹಾಗೆ ತಣಿಸಿದ ಉಕ್ಕು ಗಾಜಿನಂತೆ ಪೆಡಸು, ಬಿದ್ದರೆ ಚೂರಾದೀತು. ಆದ್ದರಿಂದ ಅದನ್ನು ಮತ್ತೆ ಹಿತವಾಗಿ ಕಾಯಿಸಿ ಹದ ಕೊಡಬೇಕು. ನಮ್ಮ ಹಳ್ಳಿಯ ಕಮ್ಮಾರರು ಕುಡುಗೋಲಿಗೆ ಕೊಡುವುದೂ ಇದೇ ಹದ. ಒಪಿನೆಲ್‌ನ ಕಾರ್ಬನ್ ಅಲಗಿನಲ್ಲಿ ಸುಮಾರು ಶೇಕಡಾ 0.9ರಷ್ಟು ಇಂಗಾಲವಿರುತ್ತದೆ. ಇಂಥ ಅಲಗು ಸಾಣೆಗೆ ಬೇಗ ಒಲಿಯುತ್ತದೆ, ನವಿರಾದ ಬಾಯಿ ಪಡೆಯುತ್ತದೆ. ಆದರೆ ಒದ್ದೆ ಬಿಟ್ಟರೆ ತುಕ್ಕು ಖಂಡಿತ.

ತುಕ್ಕು ಹಿಡಿಯದ ಉಕ್ಕನ್ನು 1913ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್ ನಗರದಲ್ಲಿ ಹ್ಯಾರಿ ಬ್ರೇರ್ಲಿ ಎಂಬ ಲೋಹತಜ್ಞ ತಯಾರಿಸಿದ. ಉಕ್ಕಿನಲ್ಲಿ ಶೇಕಡಾ 10.5ಕ್ಕಿಂತ ಹೆಚ್ಚು ಕ್ರೋಮಿಯಂ ಇದ್ದರೆ ಅದು ಗಾಳಿಯ ಆಮ್ಲಜನಕದೊಡನೆ ಸೇರಿ ಅಲಗಿನ ಮೇಲೆ ಕಣ್ಣಿಗೆ ಕಾಣದ ತೆಳು ಪೊರೆ ಕಟ್ಟುತ್ತದೆ. ಗೀರು ಬಿದ್ದರೂ ಪೊರೆ ಮತ್ತೆ ತಾನೇ ಬೆಳೆಯುತ್ತದೆ. ಆ ಪೊರೆಯೇ ತುಕ್ಕಿಗೆ ತಡೆ.

ಎರಡರ ವ್ಯತ್ಯಾಸವನ್ನು ಒಂದು ಬಾಳೆಕಾಯಿ ಸಾಕು, ಹೇಳಿಬಿಡುತ್ತದೆ. ಬಾಳೆಕಾಯಿಯಲ್ಲಿ, ಅಡಕೆಯಲ್ಲಿ, ಚಹಾ ಎಲೆಯಲ್ಲಿ ಟ್ಯಾನಿನ್ ಎಂಬ ಒಗರು ಪದಾರ್ಥವಿದೆ. ಅದು ಕಬ್ಬಿಣದೊಂದಿಗೆ ಸೇರಿದರೆ ಕಪ್ಪು ಬಣ್ಣ. ಹಳೆಯ ಕಾಲದಲ್ಲಿ ಶಾಯಿ ಮಾಡುತ್ತಿದ್ದುದೂ ಇದೇ ಕ್ರಿಯೆಯಿಂದ. ಕಾರ್ಬನ್ ಅಲಗಿನಿಂದ ಬಾಳೆಕಾಯಿ ಹೆಚ್ಚಿದರೆ ಅಲಗು ಕೂಡಲೇ ಕಪ್ಪಾಗುತ್ತದೆ. ಸ್ಟೀಲ್ ಅಲಗು ಹೊಳೆಯುತ್ತಲೇ ಇರುತ್ತದೆ.

ಹಾಗಾದರೆ ಯಾವುದು ಒಳ್ಳೆಯದು? ಕರಾವಳಿ, ಮಲೆನಾಡಿನಂಥ ತೇವದ ಸೀಮೆಯವರಿಗೆ, ಹುಳಿಹಣ್ಣು ಹೆಚ್ಚುವವರಿಗೆ, ಒರೆಸಿಡುವ ಅಭ್ಯಾಸವಿಲ್ಲದವರಿಗೆ ಇನಾಕ್ಸ್ ಸೂಕ್ತ. ಒಣ ಸೀಮೆಯವರಿಗೆ, ಮರದ ಕೆಲಸ ಮಾಡುವವರಿಗೆ, ಚಾಕುವನ್ನು ತಾವೇ ಮಸೆದು ಒರೆಸಿ ಜೋಪಾನ ಮಾಡುವವರಿಗೆ ಕಾರ್ಬನ್ ಹಿತ. ವಿದ್ಯಾರ್ಥಿಯ ಮೊದಲ ಚಾಕುವಿಗೆ ಇನಾಕ್ಸ್ ಸಾಕು.

ಎಷ್ಟನೆಯ ಸಂಖ್ಯೆ?

ಹನ್ನೆರಡು ಅಳತೆಗಳಲ್ಲಿ ಎರಡನ್ನು 1935ರಲ್ಲಿ ಕೈಬಿಡಲಾಯಿತು. 1ನೇ ಸಂಖ್ಯೆ ತೀರ ಚಿಕ್ಕದು. 11ನೇ ಸಂಖ್ಯೆಗೂ ಅದರ ಹಿಂದಿನ ಮುಂದಿನವಕ್ಕೂ ಅಷ್ಟೇನೂ ಅಂತರವಿರಲಿಲ್ಲ. ಉಳಿದ ಹತ್ತರಲ್ಲಿ 6ರ ಅಲಗು 7 ಸೆಂ.ಮೀ., 7ರದ್ದು 8, 8ರದ್ದು 8.5, 9ರದ್ದು 9, 10ರದ್ದು 10, 12ರದ್ದು 12 ಸೆಂ.ಮೀ. ಎಲ್ಲಕ್ಕಿಂತ ಹೆಚ್ಚು ಖರ್ಚಾಗುವುದು 8ನೇ ಸಂಖ್ಯೆ. 1985ರಲ್ಲಿ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ ಜಗತ್ತಿನ ನೂರು ಸುಂದರ ತಯಾರಿಕೆಗಳಲ್ಲಿ ಒಪಿನೆಲ್ ಚಾಕುವನ್ನೂ ಸೇರಿಸಿತು.

ದಿನನಿತ್ಯದ ಕೆಲಸಕ್ಕೆ ದೊಡ್ಡ ಅಲಗು ಬೇಕೆಂದೇನೂ ಇಲ್ಲ. ಮಾವಿನಹಣ್ಣು ಹೆಚ್ಚಲು, ಪಾರ್ಸೆಲಿನ ದಾರ ಕತ್ತರಿಸಲು, ಪೆನ್ಸಿಲ್ ಕೊರೆಯಲು, ಕಸಿಕಟ್ಟುವ ಕಡ್ಡಿ ಸವರಲು 7ರಿಂದ 8 ಸೆಂ.ಮೀ. ಅಲಗು ಧಾರಾಳ. ಹಿಡಿಯನ್ನು ಮುಷ್ಟಿಯಲ್ಲಿ ಹಿಡಿದಾಗ ನಾಲ್ಕೂ ಬೆರಳು ಅದರ ಮೇಲೆ ಕೂರಬೇಕು. ಅಷ್ಟು ನೋಡಿದರೆ ಅಳತೆ ತಾನಾಗಿ ಗೊತ್ತಾಗುತ್ತದೆ.

ಒಪಿನೆಲ್ ಸಿಗದ ಊರಿನಲ್ಲೂ, ಯಾವುದೇ ಅಗ್ಗದ ಮಡಚುವ ಚಾಕುವನ್ನು ಕೊಳ್ಳುವಾಗಲೂ ಕೆಲವು ಪರೀಕ್ಷೆಗಳು ಉಪಯೋಗಕ್ಕೆ ಬರುತ್ತವೆ. ಅಲಗು ಬಿಚ್ಚಿ ಮೆಲ್ಲಗೆ ಅತ್ತಿತ್ತ ಅಲುಗಿಸಬೇಕು. ರಿವೆಟ್ ಸಡಿಲವಿದ್ದರೆ ಅಲ್ಲೇ ತಿಳಿಯುತ್ತದೆ. ಮಡಚಿದಾಗ ಅಲಗು ಸೀಳಿನ ನಟ್ಟನಡುವೆ ಇಳಿಯಬೇಕು, ಬಾಯಿ ಎಲ್ಲೂ ಹೊರಗೆ ಇಣುಕಬಾರದು. ಬೀಗ ಹಾಕಿದ ಮೇಲೆ, ಬೆರಳುಗಳನ್ನು ಬಾಯಿಯ ದಾರಿಯಿಂದ ದೂರವಿಟ್ಟು, ಅಲಗಿನ ಬೆನ್ನನ್ನು ಮೇಜಿಗೆ ಒತ್ತಿದರೆ ಬೀಗ ಬಿಡಬಾರದು. ಕೊನೆಗೆ ಒಂದು ಹಾಳೆಯನ್ನು ಗಾಳಿಯಲ್ಲಿ ಹಿಡಿದು ಕೊಯ್ದರೆ ಹಾಳೆ ಹರಿಯದೆ ನೇರ ಸೀಳಬೇಕು. ಹಿಡಿಯ ಬಣ್ಣ, ನಕ್ಕಿ, ಡಬ್ಬಿಯ ಅಲಂಕಾರ ಇವಾವುವೂ ಕೊಯ್ಯುವ ಕೆಲಸಕ್ಕೆ ಬರುವುದಿಲ್ಲ.

ಮೊಂಡು ಚಾಕುವೇ ಅಪಾಯ

ಹರಿತವಾದ ಚಾಕು ಅಪಾಯ, ಮೊಂಡು ಚಾಕು ಸುರಕ್ಷಿತ ಎಂದು ಅನೇಕ ತಾಯಿತಂದೆಯರು ನಂಬುತ್ತಾರೆ. ವಾಸ್ತವ ಇದಕ್ಕೆ ವಿರುದ್ಧ. ಒತ್ತಡವೆಂದರೆ ಬಲವನ್ನು ವಿಸ್ತೀರ್ಣದಿಂದ ಭಾಗಿಸಿದ್ದು ಎಂದು ಶಾಲೆಯ ಪಾಠದಲ್ಲಿದೆ. ಹರಿತವಾದ ಬಾಯಿಯ ವಿಸ್ತೀರ್ಣ ಅತ್ಯಲ್ಪ. ಸ್ವಲ್ಪ ಬಲ ಹಾಕಿದರೂ ಒತ್ತಡ ಅಪಾರ, ಆದ್ದರಿಂದ ಕೈ ಹಿಡಿತದಲ್ಲಿರುತ್ತದೆ. ಬಾಯಿ ಮೊಂಡಾದರೆ ವಿಸ್ತೀರ್ಣ ಹೆಚ್ಚಿ, ಅಷ್ಟೇ ಒತ್ತಡಕ್ಕೆ ಹೆಚ್ಚು ಬಲ ಬೇಕು. ಬಲ ಹಾಕಿದ ಕೈ ಜಾರಿದಾಗ ನಿಲ್ಲಿಸುವುದು ಕಷ್ಟ, ಗಾಯವೂ ಆಳ.

ಮಸೆಯುವುದು ಕಷ್ಟದ ವಿದ್ಯೆಯೇನಲ್ಲ. ಅಲಗನ್ನು ಸಾಣೆಕಲ್ಲಿಗೆ ಸುಮಾರು 20 ಡಿಗ್ರಿ ಓರೆಯಾಗಿ ಹಿಡಿಯಬೇಕು. ಕೋನಮಾಪಕ ಬೇಕಿಲ್ಲ. ಕಾಗದದ ಮೂಲೆ 90 ಡಿಗ್ರಿ. ಅದನ್ನು ಸರಿಯಾಗಿ ಅರ್ಧಕ್ಕೆ ಮಡಚಿದರೆ 45, ಇನ್ನೊಮ್ಮೆ ಮಡಚಿದರೆ ಇಪ್ಪತ್ತೆರಡೂವರೆ. ಆ ಮಡಿಕೆಯನ್ನು ಕಲ್ಲಿನ ಮೇಲಿಟ್ಟು ಅಲಗನ್ನು ಅದಕ್ಕೆ ಹೊಂದಿಸಿಕೊಂಡರೆ ಓರೆ ಎಷ್ಟಿರಬೇಕೆಂಬ ಅಂದಾಜು ಕೈಗೆ ಹತ್ತುತ್ತದೆ. ಎರಡೂ ಬದಿಗೆ ಸಮವಾಗಿ ಉಜ್ಜಬೇಕು. ಆಮೇಲೆ ಒರೆಸಿ, ಒಣಗಿಸಿ, ರಿವೆಟ್ಟಿಗೆ ಒಂದು ತೊಟ್ಟು ಎಣ್ಣೆ ಬಿಟ್ಟರೆ ಆಯಿತು.

ಮಕ್ಕಳ ಕೈಗೆ ಯಾವಾಗ?

ಸಾವೊಯ್ ಸೀಮೆಯಲ್ಲಿ ಮಗುವಿಗೆ ಮೊದಲ ಒಪಿನೆಲ್ ಕೊಡುವುದು ಮನೆಯ ಒಂದು ಸಣ್ಣ ಸಂಸ್ಕಾರವಿದ್ದ ಹಾಗೆ. ಅಜ್ಜನೋ ಅಪ್ಪನೋ ಕೊಡುವ ಆ ಚಾಕುವಿನೊಂದಿಗೆ ‘ನೀನು ದೊಡ್ಡವನಾದೆ, ನಿನ್ನನ್ನು ನಂಬುತ್ತೇವೆ’ ಎಂಬ ಮಾತೂ ಸೇರಿರುತ್ತದೆ. ಚಾಕುವನ್ನು ಉಡುಗೊರೆಯಾಗಿ ಕೊಟ್ಟರೆ ಸ್ನೇಹ ಕತ್ತರಿಸಿಹೋಗುತ್ತದೆಂಬ ನಂಬಿಕೆ ಫ್ರಾನ್ಸಿನಲ್ಲಿದೆ. ಅದಕ್ಕೆ ಪರಿಹಾರವಾಗಿ ಪಡೆದವರು ಒಂದು ಪುಡಿ ನಾಣ್ಯವನ್ನು ಹಿಂದಿರುಗಿಸಿ ‘ಕೊಂಡೆ’ ಎನ್ನಿಸಿಕೊಳ್ಳುತ್ತಾರೆ. ನಮ್ಮಲ್ಲಿಯೂ ಚಾಕು ಕತ್ತರಿಗಳನ್ನು ನೇರ ಕೈಗೆ ಕೊಡದೆ ಕೆಳಗಿಟ್ಟು ತೆಗೆದುಕೊಳ್ಳಲು ಹೇಳುವ ಹಿರಿಯರಿದ್ದಾರೆ. ಜಗಳದ ಮಾತು ಹೇಗೇ ಇರಲಿ, ಬೆರಳಿನ ದೃಷ್ಟಿಯಿಂದ ಅದು ಒಳ್ಳೆಯ ಅಭ್ಯಾಸವೇ.

ಏಳೆಂಟು ವರ್ಷ ದಾಟಿದ ಮಕ್ಕಳಿಗೆಂದೇ ಒಪಿನೆಲ್ ಒಂದು ಚಾಕುವನ್ನು ಮಾಡುತ್ತದೆ. ಅದು 7ನೇ ಸಂಖ್ಯೆಯದೇ, ಆದರೆ ಅಲಗಿನ ತುದಿಗೆ ಮೊನೆಯಿಲ್ಲ, ದುಂಡಗಿದೆ. ಚುಚ್ಚುವ ಅಪಾಯವನ್ನು ತೆಗೆದುಹಾಕಿ ಕೊಯ್ಯುವ ಗುಣವನ್ನು ಉಳಿಸಿಕೊಂಡಿದ್ದಾರೆ. ಬೀಗದ ಬಳೆಯೂ ಇದೆ. ಆದರೂ ಕೊಟ್ಟು ಸುಮ್ಮನೆ ಕೂರುವಂತಿಲ್ಲ. ಮೊದಮೊದಲು ದೊಡ್ಡವರು ಎದುರಿಗಿರಬೇಕು. ಮಗು ಕುಳಿತೇ ಕೆಲಸ ಮಾಡಬೇಕು. ತನ್ನ ಮೈಯಿಂದ ಆಚೆಗೆ ಕೊಯ್ಯಬೇಕು. ಚಾಕು ಬಿಚ್ಚಿಕೊಂಡು ನಡೆದಾಡಬಾರದು. ಇನ್ನೊಬ್ಬರಿಗೆ ಕೊಡುವಾಗ ಮಡಚಿಯೇ ಕೊಡಬೇಕು. ಜಾರಿ ಬಿದ್ದ ಚಾಕುವನ್ನು ಹಿಡಿಯಲು ಕೈ ಚಾಚಬಾರದು. ಈ ಐದನ್ನು ಎಚ್ಚರ ತಪ್ಪದೆ ಪಾಲಿಸುವ ಮಗುವಿಗೆ ಚಾಕು ಕೊಡುವ ವಯಸ್ಸಾಗಿದೆ ಎಂದರ್ಥ. ಪಾಲಿಸಲಾರದಿದ್ದರೆ, ಹದಿನಾರಾದರೂ ಆಗಿಲ್ಲ.

ಬೇರೆ ಊರುಗಳ ಮಾತು

ಚಾಕುವಿನಿಂದ ಬದುಕಿದ ಊರು ಸೇಂ ಜಾಂ ಒಂದೇ ಅಲ್ಲ. ಫ್ರಾನ್ಸಿನ ನಡುನಾಡಿನಲ್ಲಿ ದ್ಯೂರೋಲ್ ಹೊಳೆಯ ದಡದ ತಿಯೇರ್ ಪಟ್ಟಣ ಮಧ್ಯಯುಗದಿಂದಲೂ ಚಾಕುಗಳ ತವರು. ಅಲ್ಲಿ ಸಾಣೆ ಹಿಡಿಯುವವರು ನೀರಿನ ಬಲದಿಂದ ತಿರುಗುವ ಸಾಣೆಕಲ್ಲಿನ ಮೇಲೆ ಹಲಗೆ ಹಾಕಿಕೊಂಡು ಹೊಟ್ಟೆಯ ಮೇಲೆ ಮಲಗಿ ದಿನವಿಡೀ ದುಡಿಯುತ್ತಿದ್ದರು. ಚಳಿಗೆ ಕಾಲು ಮರಗಟ್ಟದಿರಲೆಂದು ನಾಯಿಗಳನ್ನು ಕಾಲ ಮೇಲೆ ಮಲಗಿಸಿಕೊಳ್ಳುತ್ತಿದ್ದರು. ಅಗ್ಗದ ಚಾಕುವಿನ ಹಿಂದೆ ಇಂಥ ದುಡಿಮೆಯೂ ಇತ್ತೆಂಬುದನ್ನು ಮರೆಯಬಾರದು.

ಸ್ವಿಟ್ಜರ್ಲೆಂಡಿನ ಇಬಾಖ್ ಎಂಬ ಹಳ್ಳಿಯಲ್ಲಿ ಕಾರ್ಲ್ ಎಲ್ಸನರ್ 1884ರಲ್ಲಿ ತೆರೆದ ಕಾರ್ಯಾಗಾರವೇ ಇಂದಿನ ವಿಕ್ಟೋರಿನಾಕ್ಸ್. ತಾಯಿ ವಿಕ್ಟೋರಿಯಾಳ ಹೆಸರಿಗೆ ‘ಇನಾಕ್ಸ್’ ಸೇರಿ 1921ರಲ್ಲಿ ಆ ಹೆಸರು ಹುಟ್ಟಿತು. ಸ್ಕ್ರೂಡ್ರೈವರ್, ಡಬ್ಬಿ ತೆರೆಯುವ ಕೊಕ್ಕೆ ಮುಂತಾದುವುಗಳಿರುವ ಅವರ ಚಾಕು ಪ್ರವಾಸಿಗರಿಗೆ ಅನುಕೂಲ. ಆದರೆ ಸಣ್ಣ ಅಳತೆಯವುಗಳಲ್ಲಿ ಅಲಗನ್ನು ನಿಲ್ಲಿಸುವುದು ಸ್ಪ್ರಿಂಗ್ ಮಾತ್ರ, ಬೀಗವಲ್ಲ. ಅಲಗಿನ ಬೆನ್ನಿನ ಮೇಲೆ ಒತ್ತಡ ಬೀಳದಂತೆ ಬಳಸುವ ಎಚ್ಚರ ಬೇಕು.

ನಮ್ಮ ದೇಶದಲ್ಲಿ ಮಡಚುವ ಚಾಕು ಎಂದೊಡನೆ ನೆನಪಾಗುವುದು ಉತ್ತರ ಪ್ರದೇಶದ ರಾಂಪುರ. ಅಲ್ಲಿನ ಕುಶಲಕರ್ಮಿಗಳ ಕೈಚಳಕಕ್ಕಿಂತ ಹಿಂದಿ ಚಿತ್ರಗಳ ಖಳನಾಯಕರೇ ಅದಕ್ಕೆ ಹೆಚ್ಚು ಹೆಸರು ತಂದರು, ಅದೂ ಕೆಟ್ಟ ಹೆಸರು. ಗುಂಡಿ ಒತ್ತಿದೊಡನೆ ಚಿಮ್ಮುವ ಅಲಗು ಹೆದರಿಸಲು ಚೆನ್ನ. ಹಣ್ಣು ಹೆಚ್ಚುವವರಿಗೆ ಅದರ ಅಗತ್ಯವಿಲ್ಲ. 2023ರಲ್ಲಿ ರಾಂಪುರದ ವೃತ್ತವೊಂದರಲ್ಲಿ ಸುಮಾರು ಇಪ್ಪತ್ತು ಅಡಿಯ ಚಾಕುವನ್ನು ನಿಲ್ಲಿಸಿ ಊರಿನ ಕಸುಬನ್ನು ಗೌರವಿಸಲಾಯಿತು. ಒಂದೇ ಬಗೆಯ ವಸ್ತು ಸಾವೊಯ್‌ನಲ್ಲಿ ಅಜ್ಜನ ಉಡುಗೊರೆಯಾಗಿ, ಇಲ್ಲಿ ಗೂಂಡಾನ ಗುರುತಾಗಿ ಬೆಳೆದದ್ದು ಯೋಚಿಸಬೇಕಾದ ವಿಷಯ. ಉಕ್ಕಿನಲ್ಲಿ ವ್ಯತ್ಯಾಸವಿಲ್ಲ, ಜನ ಅದನ್ನು ಬಳಸಿದ ರೀತಿಯಲ್ಲಿದೆ.

ಕಾನೂನು ಏನು ಹೇಳುತ್ತದೆ?

ಜೇಬಿನಲ್ಲಿ ಚಾಕು ಇಟ್ಟುಕೊಳ್ಳುವವರು ಕಾನೂನನ್ನೂ ತಿಳಿದಿರಬೇಕು. ಭಾರತದ ಶಸ್ತ್ರಾಸ್ತ್ರ ಕಾನೂನಿನ ನಿಯಮಗಳು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲವಾದ ಅಲಗನ್ನು ಆಯುಧವೆಂದು ಗಣಿಸುತ್ತವೆ. ಮನೆ, ಕೃಷಿ, ವಿಜ್ಞಾನ, ಕೈಗಾರಿಕೆಯ ಬಳಕೆಗೆಂದು ಮಾಡಿದವುಗಳಿಗೆ ವಿನಾಯಿತಿ ಇದೆ. ಮೂರೂವರೆ ಇಂಚಿನ ಚಾಕು ಈ ಅಳತೆಯೊಳಗೆ ಬರುವುದಿಲ್ಲ. ಹಾಗೆಂದು ಎಲ್ಲೆಂದರಲ್ಲಿ ಒಯ್ಯಬಹುದೆಂದಲ್ಲ. ವಿಮಾನದಲ್ಲಿ ಕೈಚೀಲದಲ್ಲಿಟ್ಟರೆ ತಪಾಸಣೆಯಲ್ಲಿ ಕಳೆದುಕೊಂಡಂತೆಯೇ. ಒಪ್ಪಿಸುವ ಪೆಟ್ಟಿಗೆಯಲ್ಲೇ ಇಡಬೇಕು. ಮೆಟ್ರೊ ನಿಲ್ದಾಣ, ಕೋರ್ಟು, ಸಭೆ ಸಮಾರಂಭಗಳಲ್ಲೂ ತಡೆಯುತ್ತಾರೆ. ಶಾಲೆ ಕಾಲೇಜಿಗಂತೂ ಒಯ್ಯಲೇಬಾರದು. ಇದರಲ್ಲಿ ಎರಡು ಮಾತಿಲ್ಲ.

ಹೊರದೇಶದಲ್ಲಿ ಓದಲು ಹೊರಟ ವಿದ್ಯಾರ್ಥಿಗಳು ಇನ್ನಷ್ಟು ಎಚ್ಚರದಿಂದಿರಬೇಕು. ಒಪಿನೆಲ್ ಹುಟ್ಟಿದ ಫ್ರಾನ್ಸಿನಲ್ಲೇ ಸರಿಯಾದ ಕಾರಣವಿಲ್ಲದೆ ಚಾಕು ಹೊತ್ತು ತಿರುಗುವುದು ಅಪರಾಧ. ಬೆಟ್ಟ ಹತ್ತುವವನಿಗೆ ಕಾರಣವಿದೆ, ರಾತ್ರಿ ಬೀದಿ ಸುತ್ತುವವನಿಗೆ ಇಲ್ಲ. ಬ್ರಿಟನ್ನಿನಲ್ಲಿ 3 ಇಂಚಿನೊಳಗಿನ, ಬೀಗವಿಲ್ಲದ ಮಡಚುವ ಚಾಕುವಿಗೆ ಮಾತ್ರ ವಿನಾಯಿತಿ. ಬೆರಳು ಉಳಿಸಲೆಂದು ಮಾರ್ಸೆಲ್ ಒಪಿನೆಲ್ ಹಾಕಿದ ಬಳೆಯೇ ಅಲ್ಲಿ ಚಾಕುವನ್ನು ವಿನಾಯಿತಿಯಿಂದ ಹೊರಗಿಡುತ್ತದೆ!

ಸೇಂ ಜಾಂ ದ ಮೋರಿಯೆನ್‌ಗೆ ಹೋಗುವವರು ಶಾಂಬೇರಿಯಿಂದ ಸುಮಾರು ಒಂದು ಗಂಟೆಯ ರೈಲು ಪ್ರಯಾಣದಲ್ಲಿ ಊರು ಸೇರಬಹುದು. ಚಳಿಗಾಲದಲ್ಲಿ ಮೇಲಿನ ಹಳ್ಳಿಗಳಲ್ಲಿ ಹಿಮ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಲ್ಬಿಯೇ ಬೆಟ್ಟ ಹತ್ತಲು ಒಳ್ಳೆಯ ಕಾಲ. ಅಲ್ಲಿಗೆ ಹೋಗಲಾರದವರಿಗೂ ಆ ಕಣಿವೆಯಿಂದ ಕಲಿಯುವುದಿದೆ. ಕೊಳ್ಳುವಾಗ ಬೆಲೆಗಿಂತ ಬೀಗವನ್ನು, ಹೊಳಪಿಗಿಂತ ಹದವನ್ನು, ಉದ್ದಕ್ಕಿಂತ ಅಗತ್ಯವನ್ನು ನೋಡಿದರೆ ಸಾಕು. ಕೊಂಡ ಮೇಲೆ ಅದನ್ನು ಎಲ್ಲಿ ಬಿಚ್ಚಬೇಕು, ಎಲ್ಲಿ ಮಡಚಿಯೇ ಇಡಬೇಕು ಎಂಬುದನ್ನು ಮಕ್ಕಳಿಗೆ ಮನೆಯಲ್ಲಿ ಹಿರಿಯರೇ ಕಲಿಸಬೇಕು. ಆ ಪಾಠ ಯಾವ ಅಂಗಡಿಯಲ್ಲೂ ಚಾಕುವಿನ ಜೊತೆ ಸಿಗುವುದಿಲ್ಲ.